ಮಿಕ್ಕ ಜಲ್ಲೆ

ಮಂಡ್ಯದ ಸಕ್ಕರೆ ಕಾರ್ಖಾನೆ, ಹಿಂದಣ ಗೇಟು,
ರಾತ್ರಿ ಎರಡೂಕಾಲು.
ವೇಬ್ರಿಡ್ಜಿನ ಯಂತ್ರ ಕಟಕಟ ಹಲ್ಲು ಕಡಿದು
ಉಗುಳಿತೊಂದು ಚೀಟಿ:
೫೧೦೫೧೦.

ಐದು ಲಕ್ಷದ ಹತ್ತು ಸಾವಿರದ ಐನೂರ ಹತ್ತು.
ಹೇಳಿದ್ದನ್ನೇ ಇನ್ನೊಮ್ಮೆ ಹೇಳುತ್ತದೆ,
ಕಿವುಡರ ಮನೆಯ ಯಜಮಾನನ ಹಾಗೆ.
ಒಂಬತ್ತು ಹಂಗಾಮಿನಿಂದ ಕಾದಿದ್ದೆ ಇದಕ್ಕೆ,
ಯಾರಿಗೂ ಹೇಳದೆ.

ಹೀಗೆ ಎರಡು ಸಲ ಬರುವ ಮೂರಂಕಿಯೊಳಗೆ
ಸಾವಿರದೊಂದು ಅಡಗಿರುತ್ತದೆ;
ಅದರೊಳಗೆ ಏಳು, ಹನ್ನೊಂದು, ಹದಿಮೂರು,
ಒಂದೇ ಕಂಬಳಿಯಡಿ ಮಲಗಿದ ಗಾಡಿಯಾಳುಗಳು.
ಉಳಿದ ಐನೂರ ಹತ್ತನ್ನು ಬಿಚ್ಚಿದರೆ
ಎರಡು, ಮೂರು, ಐದು, ಹದಿನೇಳು.
ಅಲ್ಲಿಗೆ ಮೊದಲ ಏಳೂ ಅವಿಭಾಜ್ಯರು ಹಾಜರು,
ಒಬ್ಬೊಬ್ಬರೂ ಒಂದೊಂದೇ ಸಲ,
ನೂಕದೆ, ತಪ್ಪಿಸಿಕೊಳ್ಳದೆ.
ನೂರ ಇಪ್ಪತ್ತೆಂಟು ಅಳತೆಯ ಹೊರೆ ಕಟ್ಟಬಹುದು,
ಒಂದು ಜಲ್ಲೆಯೂ ಮಿಗದಂತೆ.

ಕೆರಗೋಡಿನ ಚಿಕ್ಕತಾಯಮ್ಮ
ಟ್ರ್ಯಾಕ್ಟರಿನ ಮೇಲಿಂದಲೇ ಕೈ ಚಾಚಿದಳು:
"ಕಬ್ ತೂಗಾಯ್ತಲ್ಲಣ್ಣ, ಇನ್ನೇನ್ ನಂಬರ್ ತೂಗ್ತಾ ಕುಂತಿದ್ದೀಯ?"
ಕೊಟ್ಟೆ. ಸೆರಗಿನ ಗಂಟಿಗೆ ಸಿಕ್ಕಿಸಿದಳು.
ಅವಳು ಹೋದಳು, ಏಳು ಜನವೂ ಹೋದರು.

ಹಿಂದೆಯೇ ಹೊಳಲಿನ ಬೋರಾಯಿ, ಜೋಡೆತ್ತಿನ ಗಾಡಿ.
೫೧೦೫೧೧.
ಎರಡರ ಹೊರೆ ಕಟ್ಟಿದೆ ಮನಸ್ಸಿನಲ್ಲೇ: ಒಂದು ಜಲ್ಲೆ ಮಿಕ್ಕಿತು.
ಮೂರರದು: ಒಂದು. ಐದರದು: ಒಂದು.
ಏಳು, ಹನ್ನೊಂದು, ಹದಿಮೂರು, ಹದಿನೇಳು,
ಹೇಗೆ ಬಿಗಿದರೂ ನೆಲದ ಮೇಲೆ
ಅದೇ ಒಂದು.
ಗಾಡಿಯ ಹಿಂದೆ ನಿದ್ದೆಗಣ್ಣಿನ ಹುಡುಗ
ಹಲ್ಲಲ್ಲಿ ಸಿಪ್ಪೆ ಸೀಳುತ್ತಿದ್ದ.
ಆ ಜಲ್ಲೆಯೇ ಇರಬೇಕು.

ಯಾರಿಗೂ ಬಗ್ಗದ ಆಸಾಮಿ ಎಂದುಕೊಂಡೆ.
'ಅವಿಭಾಜ್ಯ' ಎಂದು ಪುಸ್ತಕದ ಅಂಚಿಗೆ ಬರೆದೂಬಿಟ್ಟೆ,
ಕೆಳಗೊಂದು ಗೀಟೆಳೆದು.
ಪೆನ್ನಿಗೆ ಮುಚ್ಚಳ ಹಾಕುವ ಮೊದಲು
ಸುಮ್ಮನೆ
ಹತ್ತೊಂಬತ್ತರಿಂದ ಭಾಗಿಸಿದೆ.

ಇಪ್ಪತ್ತಾರು ಸಾವಿರದ ಎಂಟುನೂರ ಅರವತ್ತೊಂಬತ್ತು.
ಶೇಷ ಇಲ್ಲ.
ಅದನ್ನು ಒಡೆದರೆ ತೊಂಬತ್ತೇಳು, ಇನ್ನೂರ ಎಪ್ಪತ್ತೇಳು.
ನನಗೆ ಗೊತ್ತಿದ್ದವರನ್ನೆಲ್ಲ ಕೇಳಿ
ಇವನಿಗೆ ದಿಕ್ಕಿಲ್ಲ ಎಂದಿದ್ದೆ;
ಇವನ ನೆಂಟರು ಬೇರೆ ಊರಲ್ಲಿದ್ದರು.

"ಸಾಮಿ, ಚೀಟಿ," ಎಂದ ಬೋರಾಯಿ.
ಬರೆದದ್ದನ್ನು ಹೊಡೆದು ಕೊಟ್ಟೆ.

ಈ ಹತ್ತೊಂಬತ್ತನ್ನೂ ಕೂಡಿಸಿಕೊಂಡು
ಎಂಟು ಜನ ಒಟ್ಟಿಗೆ ಬರುವ ಮೊದಲ ಚೀಟಿ
೯೬೯೯೬೯೦.
ದಿನಕ್ಕೆ ನಾನೂರು ಗಾಡಿ, ಹಂಗಾಮಿಗೆ ನೂರೈವತ್ತು ದಿನ:
ನೂರ ಐವತ್ತಮೂರು ಹಂಗಾಮು, ಮೇಲೆ ಇಪ್ಪತ್ತಮೂರು ದಿನ.
ಅಷ್ಟು ಕಾದರೂ ಬರುವುದಿಲ್ಲ.
ಈ ಯಂತ್ರಕ್ಕಿರುವುದು ಆರೇ ಮನೆ,
ಹತ್ತು ಲಕ್ಷ ಮುಟ್ಟಿದರೆ ಸೊನ್ನೆಗೆ ಮರಳುತ್ತದೆ.

ಸಂಖ್ಯೆ ಮಾತ್ರ ಅಲ್ಲೇ ಇರುತ್ತದೆ,
ಗೇಟಿನಾಚೆ, ನಾಲೆಯಾಚೆ,
ಯಾರೂ ತೂಗದೆ.

ಹುಡುಗ ಸಿಪ್ಪೆ ಉಗಿದ.
ಗಾಡಿಯಿಂದ ಇನ್ನೊಂದು ಜಲ್ಲೆ ಎಳೆದುಕೊಂಡ,
ತೂಕ ಆದ ಮೇಲೆ.
ನಾನು ನೋಡಲಿಲ್ಲ.