ಎಡಗಿವಿ

ಗೋಣಿಕೊಪ್ಪದ ಬಸ್ ನಿಲ್ದಾಣದೆದುರು ನನ್ನ ಝೆರಾಕ್ಸ್ ಅಂಗಡಿ,
ಅದರ ಬೆನ್ನಿಗೆ ಒಂದು ಕೋಣೆ.
ಬಾಡಿಗೆ ಕಟ್ಟಿ ಉಳಿದದ್ದರಲ್ಲಿ
ಸಂತೆಯಿಂದ ಹೆಡ್‌ಫೋನು, ಮುನ್ನೂರ ನಲವತ್ತಕ್ಕೆ.
ಮೂರನೇ ದಿನ ಎಡಗಿವಿ ಸತ್ತಿತು.
ಬಲಗಿವಿ ಉಂಟಲ್ಲ, ಎಂದುಕೊಂಡೆ.

ಗೋಡೆಗೆ ಕಾಫಿ ಗೋಣಿ ತೂಗುಹಾಕಿದೆ, ಹದಿನೆಂಟು,
ಸಮದಣ್ಣನ ಗೋದಾಮಿನ ಹಳೆಯವು.
ಮಾರ್ದನಿ ಕುಡಿಯಲಿ ಎಂದು.
ಕುಡಿಯಿತು. ಕುಡಿದು ಹೊಟ್ಟಿನ ಧೂಳು ಕಾರಿತು.
ಮೊದಲ ಟೇಕಿನಲ್ಲಿ ಸೀನು.
ಎರಡನೆಯದರಲ್ಲೂ.

ಭಾನುವಾರ ಸಂತೆಗೆ ಬಂದ ಬೊಳ್ಳಿ ಹಾಗೇ ಒಳಗೆ ಬಂದಳು,
ಕೊಯ್ಲಿನ ಅಂಟು ಬೆರಳಲ್ಲಿ ಇನ್ನೂ ಕಪ್ಪಾಗಿ.
ಹಿಂದೆ ಅವಳ ಅಣ್ಣ ಕಾಳ, ಬಗಲಲ್ಲಿ ದುಡಿ.
ಗಂಡ ಮಾರ ಬಾಗಿಲಲ್ಲೇ ಕೂತ, ಬೀಡಿ ಹಚ್ಚದೆ, ಕೈಯಲ್ಲೇ ಹಿಡಿದು.
ಎರಡು ಫೋನು: ನನ್ನದು ಅವಳ ಬಾಯಿಗೆ ಎದುರಾಗಿ,
ಸಾಲ ತಂದದ್ದು ಬಾಗಿಲ ಬಳಿ, ಅಕ್ಕಿ ಡಬ್ಬದ ಮೇಲೆ.
ಒಂದನ್ನು ಬಲಕ್ಕಿಡು, ಒಂದನ್ನು ಎಡಕ್ಕಿಡು,
ಹಾಡು ಅಗಲವಾಗುತ್ತದೆ ಎಂದು ಯಾರೋ ಹೇಳಿದ್ದರು.

ಆಮೇಲಿನ ರಾತ್ರಿಗಳು.
ದನಿ ಸಣ್ಣದೆನಿಸಿತು, ಏರಿಸಿದೆ.
ದುಡಿ ಮುಳುಗಿತು, ಅದನ್ನೂ ಏರಿಸಿದೆ.
ಕಾಚಂಪುಳಿ ಹೆಚ್ಚಾಯಿತೆಂದು ನೀರು,
ನೀರಾಯಿತೆಂದು ಖಾರ, ಖಾರಕ್ಕೆ ಮತ್ತೆ ಉಪ್ಪು,
ಕೊನೆಗೆ ಪಾತ್ರೆಯೇ ಸಾಲದೆ
ಪರದೆಯ ಮೇಲೆ ಎಲ್ಲ ಕೆಂಪು.
ಪುಕ್ಕಟೆ ಸಿಕ್ಕಿದ ರಿವರ್ಬ್ ಸುರಿದೆ:
ಬೊಳ್ಳಿ ಗುಹೆಯೊಳಗೆ ಹಾಡುತ್ತಿದ್ದಳು.
ಅವಳು ಹಾಡುವುದು ಗಿಡದ ಬುಡದಲ್ಲಿ,
ಸೊಂಟದ ಚೀಲ ತುಂಬುವವರೆಗೆ.
ಗುಹೆ ಅವಳೂ ಕಂಡಿಲ್ಲ, ನಾನೂ ಕಂಡಿಲ್ಲ.

ಎಡದ ಗೆರೆ ಮಾತ್ರ ಸುಮ್ಮನೆ ಕುಣಿಯುತ್ತಿತ್ತು, ಸದ್ದಿಲ್ಲ.
ಏರಿಸಿದೆ.
ಇನ್ನೂ ಕೇಳಲಿಲ್ಲ. ಇನ್ನೂ ಏರಿಸಿದೆ.

ಸಮದಣ್ಣನ ಜೀಪಿನಲ್ಲಿ ತಿತಿಮತಿ ದಾರಿ,
ಬೊಳ್ಳಿ, ಮಾರ ಹಿಂದಿನ ಸೀಟಿನಲ್ಲಿ.
ಹಾಕು ನೋಡುವ, ಎಂದ ಸಮದಣ್ಣ.
ಬಲಬಾಗಿಲಿನಿಂದ ಬೊಳ್ಳಿ, ದೂರದಲ್ಲೆಲ್ಲೋ.
ಎಡಬಾಗಿಲಿನಿಂದ
ಪಕ್ಕದ ಮನೆಯ ಕುಕ್ಕರು ಆನೆಯಂತೆ ಘೀಳಿಟ್ಟಿತು.
ಅದರ ಬೆನ್ನಿಗೇ ಜೀಪು ತುಂಬ ಮಾರನ ದನಿ:
'ಈ ಹುಡುಗಿಗೆ ಏನೂ ಬರುದಿಲ್ಲ ಕಾಳಾ,
ಸುಮ್ಮನೆ ಗುಂಡಿ ಒತ್ತುದು.'

ಮಾರ ಕಿಟಕಿಯಾಚೆ ತೇಗದ ಮರ ಎಣಿಸತೊಡಗಿದ.
ಬೊಳ್ಳಿ ನಕ್ಕು ನಕ್ಕು ಸೆರಗು ಬಾಯಿಗೆ ತುರುಕಿದಳು.
ಸಮದಣ್ಣ ಜೀಪು ನಿಲ್ಲಿಸಿ
ಇನ್ನೊಮ್ಮೆ ಹಾಕಲು ಹೇಳಿದ.

ಎಡಬಲ ಎರಡನ್ನೂ ಒಂದೇ ಕಿವಿಗೆ ಹರಿಸುವ ಗುಂಡಿ ಇತ್ತು.
ಮೊದಲ ದಿನದಿಂದಲೂ ಇತ್ತು.
ಒತ್ತಿದೆ. ಆಮೇಲೆ ಇಳಿಸುತ್ತ ಬಂದೆ.
ದುಡಿ ಇಳಿಸಿದರೆ ದನಿ ತಾನೇ ಎದ್ದು ಕೂತಿತು,
ಗುಹೆ ತೆಗೆದರೆ ಉಸಿರು ಸಿಕ್ಕಿತು,
ಸಾಲಿನ ತುದಿಗೆ ಅವಳು ನುಂಗುವ ಉಗುಳು ಕೂಡ.
ಮಾರನ ಮಾತು ಕತ್ತರಿಸಿ ಬೇರೆ ಇಟ್ಟಿದ್ದೇನೆ,
ಆ ಫೈಲಿನ ಹೆಸರು ಮೇಷ್ಟ್ರು.
ಕುಕ್ಕರಿನ ಮೂರನೇ ಸೀಟಿ ಮಾತ್ರ
ಕಾಳ ಕೈ ಎತ್ತಿದ ಖಾಲಿಯಲ್ಲೇ ಬಿದ್ದಿತ್ತು, ಸರಿಯಾಗಿ.
ಉಳಿಸಿದೆ, ಗೊತ್ತಿದ್ದವರಿಗೆ ಮಾತ್ರ ಗೊತ್ತಾಗುವಷ್ಟು.

ಮುಂದಿನ ಸಂತೆಗೆ ಬೊಳ್ಳಿ ಬಂದಳು.
ಸತ್ತ ಎಡಗಿವಿ ಅವಳ ಕೊರಳಿಗೆ, ಬದುಕಿದ್ದು ಕಿವಿಗೆ.
ಕಣ್ಣು ಮುಚ್ಚಿ ಪೂರ್ತಿ ಕೇಳಿದಳು.
ಹೊರಗೆ ಯಾರೋ ಆಧಾರ್ ಕಾರ್ಡಿನ ಎರಡು ಕಾಪಿಗೆ ಕೂಗುತ್ತಿದ್ದರು.

'ನಾನು ತುಂಬ ಹತ್ತಿರ ನಿಂತಿದ್ದೇನೆ,' ಅಂದಳು.
'ಚೂರು ಆಚೆ ನಿಲ್ಲಿಸು.
ಸಾಲಲ್ಲಿ ಮೂರನೇ ಗಿಡದಷ್ಟು.'

ಮೂರನೇ ಗಿಡ ಎಂದರೆ ಎಷ್ಟು ಡೆಸಿಬೆಲ್?
ಯಾರನ್ನು ಕೇಳುವುದು?
ನಾಲ್ಕು ಇಳಿಸಿದೆ.

'ಅಲ್ಲ, ಅದು ಐದನೇದು,' ಅಂದಳು,
'ವಾಪಸ್ ಬಾ.'