ಎರಡು ನಿಮಿಷ

ಆ ಶಾಲೆಗೆ ಸೇರಿಸಿದ್ದು, ಸತ್ಯ ಹೇಳುತ್ತೇನೆ,
ಇಂಗ್ಲಿಷಿಗಾಗಿ. ಮತ್ತೆ, ಬಸ್ಸು ಶಾರ್ಜಾದ ನಮ್ಮ ರೋಲ್ಲಾದಲ್ಲಿ
ಲಾಂಡ್ರಿಯ ಎದುರೇ ನಿಲ್ಲುತ್ತದೆಂಬುದಕ್ಕಾಗಿ.
"ಕನ್ಯಾಸ್ತ್ರೀಯರ ಶಾಲೆಯಾ?" ಅಂದ ಭಾವ, ಅಜ್ಮಾನಿನಿಂದ.
ಫೋನಿನೊಳಗೇ ಅವನ ಹುಬ್ಬು ಏರಿದ್ದು ಕಂಡಿತು.
"ಫೀಸು ಕಡಿಮೆ," ಅಂದೆ.
ಅಷ್ಟೇನೂ ಕಡಿಮೆ ಇರಲಿಲ್ಲ.

ಸಿಸ್ಟರ್ ಬೆನೆಡಿಕ್ಟಾ ಫಾರಮ್ಮಿನಲ್ಲಿ ಊರು ನೋಡಿ
ಕನ್ನಡಕ ಇಳಿಸಿದರು: "ಪಾಣೆಮಂಗಳೂರಾ?
ನಂದು ಶಿರ್ವ ಮಾರಾಯ್ರೆ. ನಿಮ್ಮ ಮನೆ
ಸೇತುವೆಯ ಆಚೆಯಾ, ಈಚೆಯಾ?"
ಬಂದ ಆರು ವರ್ಷದಲ್ಲಿ, ಒಂದು ಆಫೀಸಿನಲ್ಲಿ,
ಕುರ್ಚಿ ಎಳೆದು ಕೂತುಕೊಳ್ಳಿ ಎಂದವರು
ಅವರೊಬ್ಬರೇ.

ಹತ್ತನೇ ಸನಾಯದಲ್ಲಿ ಟಯರಿನ ಅಂಗಡಿ.
ಅಂಗಡಿ ಅರಬಿಯದು, ಗದರಿಕೆ ನನ್ನದು.
ಜುಲೈಯಲ್ಲಿ ಸ್ಪಾನರು ಮುಟ್ಟಿದರೆ ಅಂಗೈ ಹಪ್ಪಳ.
ಜ್ಯಾಕಿನ ಕೆಳಗೆ ಮಲಗಿದವನಿಗೆ ಆಕಾಶವೆಂದರೆ
ಯಾರದೋ ಲ್ಯಾಂಡ್‌ಕ್ರೂಸರಿನ ಹೊಟ್ಟೆ.
ಬೈಗುಳ ಅಲ್ಲಿ ಗ್ರೀಸಿನ ಹಾಗೆ,
ಅದಿಲ್ಲದೆ ಚಕ್ರ ತಿರುಗದು ಎಂದುಕೊಂಡಿದ್ದೆ.

ಸಫೂರಾ ಮನೆಗೆ ತಂದದ್ದೆಲ್ಲ ಮೊದಮೊದಲು ಸಣ್ಣಪುಟ್ಟವು.
ಬಾಗಿಲಲ್ಲಿ ಚಪ್ಪಲಿ ಜೋಡಿಸುವುದು.
ಪೆನ್ಸಿಲನ್ನು ಉಗುರಿನಷ್ಟಾಗುವವರೆಗೆ ಬರೆಯುವುದು.
ಸೋಮವಾರ ಸಂಜೆ ತಾಯಂದಿರಿಗೂ ಕ್ಲಾಸು ಉಂಟೆಂದು
ನೆಬೀಸಾಳನ್ನು ಕೈ ಹಿಡಿದು ಎಳೆದುಕೊಂಡು ಹೋದಳು;
ಈಗ ಕರೆಂಟು ಬಿಲ್ಲು ಅವಳೇ ಓದಿ
ನನ್ನನ್ನು ವಿಚಾರಿಸುತ್ತಾಳೆ.
ಮಧ್ಯಾಹ್ನದ ಬಾಂಗ್ ಕೇಳಿತೆಂದರೆ ಸಿಸ್ಟರು
ಚಾಕ್ ಕೆಳಗಿಡುತ್ತಾರಂತೆ,
ಮುಗಿಯುವವರೆಗೆ ಎತ್ತುವುದಿಲ್ಲವಂತೆ.
ಭಾವನಿಗೆ ಫೋನು ಮಾಡಿ ಹೇಳಿದೆ.
ಅವನು ಪೆಟ್ರೋಲು ರೇಟಿನ ಸುದ್ದಿ ತೆಗೆದ.

ಮೂರನೇ ಕ್ಲಾಸಿನಲ್ಲಿ ಇನ್ನೊಂದು ತಂದಳು.
ಕೊನೆಯ ಬೆಲ್ಲಿಗೆ ಮುಂಚೆ ಎರಡು ನಿಮಿಷ
ಎಲ್ಲರ ಕಣ್ಣು ಮುಚ್ಚಿಸುತ್ತಾರಂತೆ.
ದೇವರು ಅವರವರದ್ದು,
ಪ್ರಶ್ನೆ ಮಾತ್ರ ಎಲ್ಲರಿಗೂ ಒಂದೇ:
ಇವತ್ತು ನಿನ್ನಿಂದ ಯಾರಿಗೆ ನೋವಾಯಿತು?
"ಉತ್ತರ ಟೀಚರಿಗೆ ಹೇಳಬೇಕಾ?"
"ಇಲ್ಲ ಬಾಪಾ. ನಮಗೆ ಗೊತ್ತಾದ್ರೆ ಸಾಕು."

ರಾತ್ರಿ ಊಟಕ್ಕೆ ಸುಪ್ರಾ ಹಾಸಿದಾಗ
ನಮ್ಮಿಬ್ಬರಿಗೂ ಕಣ್ಣು ಮುಚ್ಚಿಸಿದಳು.
ಮುಚ್ಚಿದೆ, ಮೀನು ಆರಿಹೋಗುತ್ತದೆಂಬ ಚಿಂತೆಯಲ್ಲೇ.
ಕತ್ತಲೆಯಲ್ಲಿ ಮಿಜಾನ್ ನಿಂತಿದ್ದ.

ಬಾಂಗ್ಲಾದ ಹುಡುಗ. ಒಂದು ನಟ್ಟು ಕಳೆದನೆಂದು
ಬೆಳಿಗ್ಗೆ ಅವನ ತಾಯಿಯನ್ನು ಬಾಯಿಗೆ ಎಳೆದಿದ್ದೆ,
ನಾಲ್ಕು ಗಿರಾಕಿಗಳ ಎದುರು.
ಆ ತಾಯಿ ಹೋಗಿ ನಲವತ್ತು ದಿನ ಆಗಿರಲಿಲ್ಲ.
ನಟ್ಟು ಅಸರಿನ ಹೊತ್ತಿಗೆ
ನನ್ನ ಜೇಬಿನಲ್ಲೇ ಸಿಕ್ಕಿತ್ತು.
ಯಾರಿಗೂ ಹೇಳಿರಲಿಲ್ಲ.

ಕಣ್ಣು ತೆರೆದೆ. ಮಗಳು ಅನ್ನ ಕಲಸುತ್ತಿದ್ದಳು.
ಏನೂ ಕೇಳಲಿಲ್ಲ.
ಕೇಳಿದ್ದರೆ ಒಂದು ಸುಳ್ಳು ಹೇಳಿ ಪಾರಾಗುತ್ತಿದ್ದೆ.

ಹತ್ತೂವರೆಗೆ ಗಾಡಿ ತೆಗೆದೆ, ಪೆಟ್ರೋಲಿಗೆಂದು ಹೇಳಿ.
ಲೇಬರ್ ಕ್ಯಾಂಪು. ಎಂಟು ಮಂಚಕ್ಕೆ ಒಂದು ಫ್ಯಾನು.
ಯಾರೋ ಮೊಬೈಲಿನಲ್ಲಿ ಮಗುವಿಗೆ ಜೋಗುಳ ಹೇಳುತ್ತಿದ್ದರು,
ಸಿಗ್ನಲು ತುಂಡಾಗಿ ತುಂಡಾಗಿ.
ನಟ್ಟನ್ನು ಮಿಜಾನನ ಅಂಗೈಯಲ್ಲಿಟ್ಟೆ.
ಅಷ್ಟು ಬಯ್ಯಲು ಬರುವ ನನ್ನ ಹಿಂದಿಯಲ್ಲಿ
ಇದಕ್ಕೆ ಬೇಕಾದ ಶಬ್ದ ಇರಲಿಲ್ಲ.
ಅವನು ನಟ್ಟನ್ನು ನೋಡಿದ, ತುಂಬ ಹೊತ್ತು.
ಆಮೇಲೆ ಮಂಚದಲ್ಲಿ ಸರಿದು
ನನಗೆ ಜಾಗ ಮಾಡಿದ.

ಅಂಗಡಿಯಲ್ಲಿ ಈಗಲೂ ಬೈಯುತ್ತೇನೆ,
ತಾಯಂದಿರನ್ನು ಬಿಟ್ಟು.
ಈ ವರ್ಷ ಫೀಸು ಮತ್ತೆ ಏರಿದೆ.
ಅಷ್ಟು ಸುರಿದು ಹುಡುಗಿ ಏನು ಕಲಿತಳು, ಕೇಳಿದ ಭಾವ.
ಎಲ್ಲಿಂದ ಶುರು ಮಾಡುವುದು?
"ಲೆಕ್ಕದಲ್ಲಿ ಅರುವತ್ತೆರಡು," ಅಂದೆ.