ಹತ್ತಕ್ಕ ಏಳು

"ಮಾಮಾ, ಹತ್ತಕ್ಕ ಎಷ್ಟು ಕೊಡ್ತಿ?"
ಚಂದ್ರಶ್ಯಾ ಕೇಳ್ತಾನ, ಕಣ್ಣು ಪರದಿ ಮ್ಯಾಲಿಟ್ಟು.
ಸ್ಟೇಷನ್ ಬಜಾರದಾಗ ಹಳೇದೊಂದು ಆಟದ ಡಬ್ಬಿ ಕೊಂಡಾನ,
ದಾಲ್ ಮಿಲ್ಲಿನ ಪಗಾರದಾಗ ಆರು ತಿಂಗಳು ಉಳಿಸಿದ ರೊಕ್ಕ.
ರಿಂಗ್ ರೋಡಿನ ನನ್ನ ಪಂಕ್ಚರ್ ಅಂಗಡಿ, ಹಿಂದಿನ ಖೋಲಿ.
ಶಹಾಬಾದ ಹಾಸುಗಲ್ಲು ಕಾದು ಕುಂಡಿ ಸುಡ್ತದ,
ಕೂಲರಿಗಿ ನೀರಿಲ್ಲ.
ಪರದಿಯೊಳಗ ಮಾತ್ರ ಹೊತ್ತು ಮುಳುಗಿ, ಮಳಿ ಹನಿದು,
ರಸ್ತಾ ಕನ್ನಡಿ ಆಗ್ಯಾದ.

ಗ್ರೀಸಿನ ಬೆರಳು ಪ್ಯಾಂಟಿಗಿ ಒರಸ್ಕೊಂಡು ಕೈಯಾಗ ಹಿಡದೆ.

ಖರೇ ಹೇಳ್ತೀನಿ, ಆವಾಜ್ ಛಲೋ ಅದ.
ಮೂರನೇ ಗೇರಿನಿಂದ ನಾಲ್ಕಕ್ಕ ಹಾಕುವಾಗ
ಇಂಜಿನ್ ಒಂದು ಗುಟುಕು ಉಸುರು ನುಂಗ್ತದಲ್ಲ,
ಅದನ್ನ ಯಾವನೋ ಕಿವಿ ಇದ್ದವ ಮಾಡ್ಯಾನ.
ಹ್ಯಾಂಡ್ ಬ್ರೇಕ್ ಎಳದ್ರ ಹಿಂದಿನ ಟಾಯರ್
ಹಂಚಿನ ಮ್ಯಾಲ ಎಣ್ಣಿ ಬಿಟ್ಟ ಧಪಾಟಿ ಹಂಗ ಜಾರ್ತದ.
ಜಾರಿ, ತಿರುವಿ, ಮತ್ತ ನೆಟ್ಟಗ ನಿಂತಾಗ
ನನ್ನ ಎದಿಯೊಳಗ ಇಪ್ಪತ್ತರ ಹುಡುಗೊಬ್ಬ ಎದ್ದು ಕುಂತ.

ಆದ್ರ ಇದು ಎಂಥಾ ಊರಪ್ಪ?
ಇಷ್ಟುದ್ದ ರಸ್ತಾದಾಗ ಒಂದು ಉಬ್ಬಿಲ್ಲ, ಒಂದು ತಗ್ಗಿಲ್ಲ,
ಜಗತ್ ಸರ್ಕಲ್‌ನ್ಯಾಗ ನಡು ರಸ್ತಾಕ್ಕ ಕುಂತು
ಮೆಲುಕು ಹಾಕೋ ಎಮ್ಮಿ ಇಲ್ಲ,
ತೊಗರಿ ಚೀಲ ಹೇರಿ ಒಂದು ಕಡಿ ವಾಲಿ ಬರೋ ಟಂಟಂ ಇಲ್ಲ.
ಕಿಟಕಿಗಿ ಬೆಳಕದ, ಒಳಗ ಮಂದಿ ಇಲ್ಲ.
ಬಾಜೂಕ ನಿಂತವರು ಗಾಡಿ ಬಂದ್ರ ಹಾರಿ ಉಳಕೋತಾರ,
ಒಬ್ಬನೂ ಬೈಯೋದಿಲ್ಲ.
ಬೈಗುಳಿಲ್ಲದ ರಸ್ತಾ ಅಂದ್ರ ಉಪ್ಪಿಲ್ಲದ ಪುಂಡಿಪಲ್ಯ.
ಪೊಲೀಸರು ಬೆನ್ನು ಹತ್ತತಾರ, ಲೈಸನ್ಸ್ ಕೇಳೋದಿಲ್ಲ.
ಪೆಟ್ರೋಲ್ ಮುಳ್ಳು ಇಳಿಯೋದೇ ಇಲ್ಲ.

ಮತ್ತ ಮುಖ್ಯ ಮಾತು, ಚಂದ್ರಶ್ಯಾ,
ಅರ್ಧ ತಾಸು ಹುಡುಕೀನಿ, ಬಂದರದಿಂದ ಗುಡ್ಡದ ತನಕ:
ಮುನ್ನೂರು ಗಾಡಿ ಓಡೋ ಆ ಊರಾಗ
ಒಂದು ಪಂಕ್ಚರ್ ಅಂಗಡಿ ಇಲ್ಲ.
ಹಳೇ ಟಾಯರಿಗಿ ಸುಣ್ಣದಾಗ "ಹವಾ" ಅಂತ ಬರದು
ಗಿಡಕ್ಕ ಒರಗಿಸಿದ್ದು ಒಂದೂ ಇಲ್ಲ.
ಯಾವ ಟಾಯರಿಗೂ ಮುಳ್ಳು ಚುಚ್ಚೋದಿಲ್ಲಂದ್ರ
ನಮ್ಮಂಥವರು ಎಲ್ಲಿ ಹೋಗಬೇಕು?
ಹುಡುಗ ನಗ್ತಾನ. ನಗಲಿ.

ಆಮ್ಯಾಲ ಸೇತುವಿ ಕಟ್ಟಿಗಿ ಹೊಡದೆ.
ಬಾನೆಟ್ ಮುದುಡಿತು, ಗಾಜು ಜೋಳದಂಗ ಚೆಲ್ಲಿತು,
ಬಾಗಿಲು ಹಾರಿತು. ಒಂದು ಹನಿ ರಕ್ತ ಇಲ್ಲ.
"ಚಿಂತಿಲ್ಲ ಮಾಮಾ, ಈ ಗುಂಡಿ ಒತ್ತು."
ಒತ್ತಿದೆ.
ಗಾಜು ನೆಲದಿಂದ ಎದ್ದು ಬಂದು ಚೌಕಟ್ಟಿನಾಗ ಕುಂತಿತು,
ಹೊಗಿ ಸೈಲೆನ್ಸರ್ ಒಳಗ ವಾಪಸ್,
ಗಾಡಿ ಬೆನ್ನು ಮುಂದ ಮಾಡಿ ಸೇತುವಿ ಬಿಟ್ಟು
ತಿರುವಿನ ಆಚಿ ಬಂದು ನಿಂತಿತು, ಗೀರಿಲ್ಲದ.
ಮತ್ತ ಒತ್ತಿದೆ. ಇನ್ನೂ ಹಿಂದ.
ಇನ್ನೊಮ್ಮಿ.
"ಸಾಕು ಮಾಮಾ, ರೇಸ್ ಸುರೂನೇ ಆಗ್ಲಿಲ್ಲ."

ಗ್ವಾಡಿ ಮೊಳಿಗಿ ಒಂದು ರಿಮ್ಮು ತೂಗ್ತದ,
ಎಂಟರ ಅಂಕಿ ಹಂಗ ತಿರುಚಿದ್ದು.
ಹದಿನಾಲ್ಕು ವರ್ಷಾತು. ಸೇಡಂ ರಸ್ತಾ, ರಾತ್ರಿ,
ಐನೂರು ರೂಪಾಯಿ ಪಂದ್ಯ.
ಮೋನೇಶ ಮುಂದ, ನಾ ಹಿಂದ.
ನಾ ಹಾರ್ನ್ ಹೊಡದೆ. ಅಂವ ತಿರುಗಿ ನೋಡಿದ.
ನಕ್ಕ ಅಂತ ಕಾಣ್ತದ, ಹಲ್ಲು ಬೆಳ್ಳಗ ಕಂಡವು.

ರಿಪೇರಿಗಿ ಬಂದ ರಿಮ್ಮಲ್ಲ ಅದು,
ಒಯ್ಯಲಿಕ್ಕೂ ಯಾರೂ ಬರ್ಲಿಲ್ಲ.
ಚಂದ್ರಶ್ಯಾಗ ಬರೇ ಮೋಡಕಾ.
ದೀಪಾವಳಿ ಬಂತಂದ್ರ ಕೇಳ್ತಾನ,
"ಮಾಮಾ, ಇದನ್ನ ತೂಕಕ್ಕ ಹಾಕ್ಲೇನು?"

"ಹೇಳಲ್ಲ, ಹತ್ತಕ್ಕ?"
ಏಳು.
"ಮೂರು ಯಾಕ ಕಡದಿ?"
ಒಂದು ಎಮ್ಮಿಗಿ. ಒಂದು ಪಂಕ್ಚರಿಗಿ.
ಮೂರನೇದು ಬಾಯಿಗಿ ಬರೋದ್ರೊಳಗ ಕರೆಂಟ್ ಹೋತು.

ಪರದಿ ಕಪ್ಪಾತು. ಅದರಾಗ ನಮ್ಮಿಬ್ಬರ ಮಾರಿ,
ಹಿಂದ ಗ್ವಾಡಿ, ಗ್ವಾಡಿಗಿ ರಿಮ್ಮು.
ಹುಡುಗ ಗುಂಡಿ ಒತ್ತತಾನ, ಒತ್ತತಾನ.
ಹೊರಗ ಯಾರೋ ಗಾಡಿ ತಳ್ಕೊಂಡು ಬಂದು
"ಹವಾ ಅದೇನ್ರಿ ಸಾಯಬಣ್ಣಾ?" ಅಂದ್ರು.
ಕೈಪಂಪು ತಗೊಂಡು ಎದ್ದೆ.